ಗಿರಿಜಮ್ಮನವರಿಗೆ ಒಪ್ಪುವ ಹೋಟೆಲು

ಲಾರಿಗಟ್ಟಲೆ ಕೊಬ್ಬರಿಯನ್ನು ಊರೂರಿಗೆ ಕಳಿಸುವ ತಿಪಟೂರಿನಲ್ಲಿ, ಹೋಟೆಲಿನ ಚಟ್ನಿಯೊಳಗೆ ಕಾಯಿ ಹುಡುಕಬೇಕಾದರೆ ಭೂತಗನ್ನಡಿ ಬೇಕು. ಹುರಿಗಡಲೆ ಇರುತ್ತದೆ, ನೀರು ಧಾರಾಳವಾಗಿ ಇರುತ್ತದೆ, ಹಸಿಮೆಣಸಿನಕಾಯಿಯ ಬೀಜ ಇರುತ್ತದೆ (ಒಮ್ಮೊಮ್ಮೆ ಭಟ್ಟರ ತಲೆಗೂದಲೂ ಇರುತ್ತದೆ, ಅದಕ್ಕೆ ಬೇರೆ ಬಿಲ್ಲಿಲ್ಲ). ಕಾಯಿ ಮಾತ್ರ ಇರುವುದಿಲ್ಲ. ಬೀದಿ ದೀಪ ಕೆಟ್ಟರೆ ಅರ್ಜಿ ಬರೆಯುವವರಿದ್ದಾರೆ, ನಲ್ಲಿ ನೀರು ನಿಂತರೆ ಕೊಡ ಹಿಡಿದು ರಸ್ತೆಗೆ ಇಳಿಯುವವರಿದ್ದಾರೆ. ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗಿರುವ ಊರಿನಲ್ಲಿ ಜನರಿಗೆ ಕಡಲೆ ಹಿಟ್ಟು ಕಲಸಿ ಚಟ್ನಿ ಅಂತ ಹಾಕಿದರೆ ಮಾತ್ರ ಎಲ್ಲರೂ ನೆಕ್ಕಿಕೊಂಡು, ಕೈ ತೊಳೆದು, ಸೋಂಪು ಬಾಯಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ.

ಪಂಚಾಕ್ಷರಿ ಮೇಷ್ಟ್ರೂ ಹಾಗೇ ನೆಕ್ಕಿಕೊಂಡು ಎದ್ದು ಹೋಗುತ್ತಿದ್ದವರೇ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಈ ಸಾಧು ಮನುಷ್ಯನಿಗೆ ಚಟ್ನಿಯ ವಿಷಯದಲ್ಲಿ ಜ್ಞಾನೋದಯವಾದದ್ದು ಅತ್ತೆಯಿಂದ. ಅತ್ತೆ ಗಿರಿಜಾಂಬಿಕಾ, ಎಲ್ಲರ ಬಾಯಲ್ಲಿ ಗಿರಿಜಮ್ಮ, ದಂಡಿನಶಿವರದವರು. ಸ್ವಂತ ತೋಟವನ್ನು ಸ್ವಂತ ಕಾಲಿನಲ್ಲೇ ಸುತ್ತಿ ಆಳುವವರು. ವರ್ಷಕ್ಕೊಂದು ಸಲ ಮಗಳ ಮನೆಗೆ ದಯಮಾಡಿಸುತ್ತಿದ್ದರು. ಬಂದಾಗಲೆಲ್ಲ ಅಳಿಯ ಅವರನ್ನು ಒಂದು ಹೊತ್ತು ಹೋಟೆಲಿಗೆ ಕರೆದೊಯ್ಯುವುದು ಮೂರು ವರ್ಷದಿಂದ ನಡೆದುಬಂದ ಸಂಪ್ರದಾಯ. ಮೂರು ವರ್ಷವೂ ಅದು ಮಂಗಳವಾಗಿ ಮುಗಿದಿರಲಿಲ್ಲ.

ಮೊದಲನೇ ವರ್ಷ ಮೇಷ್ಟ್ರು ಹಲ್ಲು ಬಿಟ್ಟು ಕೇಳಿದರು: "ಚಟ್ನಿ ಹೆಂಗಿದೆ ಅತ್ತೆ?"

ಗಿರಿಜಮ್ಮ ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. "ಕಡಲೆ ಚೆನ್ನಾಗೈತೆ. ಕಾಯಿ ಯಾವಾಗ ಹಾಕ್ತಾರಂತೆ?"

ಎರಡನೇ ವರ್ಷ ಬೇರೆ ಹೋಟೆಲು, ಅದೇ ಪ್ರಶ್ನೆ. "ಕಾಯಿ ಐತೆ ಅಳಿಯಂದ್ರೇ. ಆದ್ರೆ ನಿನ್ನೆ ಒಡ್ದಿದ್ದು."

ಮೂರನೇ ವರ್ಷ ಮತ್ತೂ ಬೇರೆ ಹೋಟೆಲು. "ಮೊಳಕೆ ಬಂದಿರೋ ಕಾಯಿ. ಇದನ್ನ ನೆಟ್ಟಿದ್ರೆ ಇಷ್ಟೊತ್ತಿಗೆ ಸಸಿ ಆಗಿರೋದು ಕಣ್ರೀ."

ಮೂರು ಸಲವೂ ತಟ್ಟೆ ಮುಂದಕ್ಕೆ ಸರಿಯಿತು. ಮೂರು ಸಲವೂ ಅತ್ತೆ ಮನೆಗೆ ಬಂದು ಮಗಳು ಮಾಡಿದ ಉಪ್ಪಿಟ್ಟು ತಿಂದರು.

ಈ ವರ್ಷ ಗಿರಿಜಮ್ಮ ಬರುವ ಹತ್ತು ದಿನ ಮುಂಚೆ ಹೆಂಡತಿ ಭಾನುಪ್ರಿಯಾ ಬಟ್ಟೆ ಮಡಿಸುತ್ತಾ ಹೇಳಿದಳು: "ರೀ, ಈ ಸಲ ಅಮ್ಮ ಬಂದಾಗ ನಾನೂ ಹೋಟ್ಲಿಗೆ ಬತ್ತೀನಿ."

"ಬಾರೇ, ಯಾರು ಬೇಡ ಅಂದೋರು?"

"ಯಾರೂ ಬೇಡ ಅಂದಿಲ್ಲ. ಯಾರೂ ಬಾ ಅಂತಾನೂ ಅಂದಿಲ್ಲ. ನೀವು ಅಮ್ಮನ್ನ ಕರ್ಕೊಂಡು ಹೊರಟ್ರೆ, ಅವಳು ಹಸ್ಕೊಂಡು ವಾಪಸ್ ಬತ್ತಾಳೆ ಅಂತ ನಾನು ಮನೇಲಿ ರವೆ ಹುರೀತಾ ಇರ್ತೀನಿ. ಮದುವೆಯಾಗಿ ಹತ್ತೊಂಬತ್ತು ವರ್ಷ ಆಯ್ತು. ನಾನೂ ಅಮ್ಮನೂ ಎದುರಾಬದುರಾ ಕೂತು ಒಂದು ತುತ್ತು ತಿಂದಿಲ್ಲ ಕಣ್ರೀ. ಅವಳು ಇಲ್ಲಿಗೆ ಬಂದ್ರೆ ನಾನು ಬಡಿಸ್ತೀನಿ. ನಾನು ಅಲ್ಲಿಗೆ ಹೋದ್ರೆ ಅವಳು ಬಡಿಸ್ತಾಳೆ. ಒಬ್ರು ಕೂತ್ರೆ ಒಬ್ರು ನಿಂತಿರ್ತೀವಿ. ಒಂದೇ ಒಂದು ಹೊತ್ತು ಇಬ್ರೂ ಕೂತಿರಬೇಕು. ಅಷ್ಟೇ."

ಮಾತು ಮೇಷ್ಟ್ರ ಎದೆಗೆ ನಾಟಿತು. ನಾಟಿದ್ದು ಸುಳ್ಳಲ್ಲ. ಆದರೆ ನಾಟಿದ ಮೇಲೆ ಗಂಡಸರು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು: ಹೆಂಗಸು ಕೇಳಿದ್ದನ್ನು ಪಕ್ಕಕ್ಕಿಟ್ಟು, ಅದನ್ನೊಂದು ಯೋಜನೆ ಮಾಡಿಕೊಂಡರು. ಕೇಳಿದ್ದು ಎರಡು ಕುರ್ಚಿ. ಇವರು ಹೊರಟಿದ್ದು ಚಟ್ನಿಯ ಸಂಶೋಧನೆಗೆ.

ಇನ್ನೂರು ಪುಟದ ಪುಸ್ತಕದಲ್ಲಿ ಸ್ಕೇಲಿಟ್ಟು ಗೆರೆ ಎಳೆದರು. ಚಟ್ನಿಗೆ ಐವತ್ತು ಅಂಕ, ನೀರಿಗೆ ಹದಿನೈದು, ಮೇಜು ಒರೆಸುವ ಬಟ್ಟೆಗೆ ಇಪ್ಪತ್ತು, ಗಲ್ಲಾದ ಮೇಲಿನ ದೇವರ ಪಟಕ್ಕೆ ಹೂ ಹಾಕಿದ್ದರೆ ಹದಿನೈದು. ನಾಲ್ಕು ದಿನ, ನಾಲ್ಕು ಹೋಟೆಲು. ಬಸ್ ಸ್ಟ್ಯಾಂಡಿನ ಎದುರಿನದರಲ್ಲಿ ಮೇಜು ಒರೆಸುವ ಬಟ್ಟೆಯನ್ನು ಕಂಡು ಮೇಷ್ಟ್ರು ಅಂಕ ಕೊಡುವ ಬದಲು ಕಣ್ಣು ಮುಚ್ಚಿಕೊಂಡರು. ಬಿ.ಎಚ್. ರೋಡಿನ ಹೊಸ ಏಸಿ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಎಂಥ ಕತ್ತಲೆಂದರೆ, ಚಟ್ನಿ ಬಂದಿದೆಯೋ ಇಲ್ಲವೋ ಎಂದು ತಟ್ಟೆ ತಡಕಿ ನೋಡಬೇಕಾಯಿತು. ಮಾರ್ಕೆಟ್ ಯಾರ್ಡಿನ ಪಕ್ಕದಲ್ಲಿ, ಹಿಂದೆ ಕೊಬ್ಬರಿ ಮೂಟೆಗಳ ಗುಡ್ಡ, ಮುಂದೆ ಕಡಲೆ ಚಟ್ನಿ! ಐವತ್ತಕ್ಕೆ ಮೂರು ಅಂಕ ಕೊಟ್ಟು, ಆ ಮೂರೂ ಕೊತ್ತಂಬರಿ ಸೊಪ್ಪಿಗೆ ಎಂದು ಷರಾ ಬರೆದರು. ಐದನೇ ದಿನ ಒಂಬತ್ತನೇ ತರಗತಿಗೆ ವೃತ್ತದ ಪಾಠವನ್ನು ಬಾಗಿಲ ಪಕ್ಕದಲ್ಲೇ ನಿಂತು ಮಾಡಿದರು. ಮಧ್ಯೆ ಎರಡು ಸಲ ಓಡಬೇಕಾಗಿ ಬಂದದ್ದರಿಂದ ವೃತ್ತ ಪೂರ್ತಿಯಾಗಲಿಲ್ಲ.

ನಾಲ್ಕನೆಯದು ವೀರಭದ್ರಯ್ಯನವರ ಹೋಟೆಲು. ಹಣೆ ತುಂಬ ವಿಭೂತಿ ಧರಿಸಿ ಗಲ್ಲಾದಲ್ಲಿ ಕೂರುವ ಯಜಮಾನರು, ಒಣಗಿದ ಬಟ್ಟೆ, ಕುದಿಸಿ ಆರಿಸಿದ ನೀರು, ಪಟಕ್ಕೆ ಸೇವಂತಿಗೆ. ಈ ಮೂರಕ್ಕೂ ಸೇರಿ ಐವತ್ತಕ್ಕೆ ಐವತ್ತು. ಚಟ್ನಿಗೆ ಮಾತ್ರ ಸೊನ್ನೆ.

"ಯಜಮಾನ್ರೇ, ಕಾಯಿ ಹಾಕಿದ್ರೆ ಕೈ ಸವೆದು ಹೋಗುತ್ತಾ?" ಎಂದರು ಮೇಷ್ಟ್ರು, ನಾಲ್ಕು ದಿನದ ಹೊಟ್ಟೆನೋವನ್ನೆಲ್ಲ ಒಟ್ಟು ಸೇರಿಸಿ.

ವೀರಭದ್ರಯ್ಯ ಕೋಪ ಮಾಡಿಕೊಳ್ಳಲಿಲ್ಲ. "ನೀವೇ ಹೇಳಿ ಮೇಷ್ಟ್ರೇ, ಒಳ್ಳೇ ಕಾಯಿ ನಮಗೆಲ್ಲಿ ಸಿಕ್ತದೆ? ಅವೆಲ್ಲ ಕೊಬ್ಬರಿಗೆ ಅಂತ ಅಟ್ಟ ಹತ್ತುತ್ತವೆ. ವರ್ಷ ಅಲ್ಲೇ ಕೂತು ಒಣಗಿ, ಲಾರಿ ಹತ್ತಿ ಹೋಗ್ತವೆ. ನಮ್ಮ ಪಾಲಿಗೆ ಬರೋದು ಬಿರುಕು ಬಿಟ್ಟವು, ಮೊಳಕೆ ಬಂದವು. ಒಳ್ಳೇ ಕಾಯಿ ನೀವು ತಂದುಕೊಡಿ. ಚಟ್ನಿ ಕೆಟ್ರೆ ನನ್ನ ಕಿವಿ ಹಿಂಡಿ."

ಆ ಕ್ಷಣದಲ್ಲಿ ಮೇಷ್ಟ್ರ ತಲೆಯಲ್ಲಿ ಸಾವಿರ ಕ್ಯಾಂಡಲಿನ ಬಲ್ಬು ಹೊತ್ತಿಕೊಂಡಿತು. ಕಾಯಿ ತಾನೇ? ಮನೆಯ ಮೆಟ್ಟಿಲ ಕೆಳಗೆ ಒಂದು ಚೀಲ ಇದೆ. ಹೋದ ತಿಂಗಳು ಅತ್ತೆಯೇ ತಮ್ಮ ತೋಟದಿಂದ ಆರಿಸಿ, ಬಸ್ಸಿನಲ್ಲಿ ಹಾಕಿ ಕಳಿಸಿದ್ದು. ಅತ್ತೆಯ ತೋಟದ ಕಾಯಿಯನ್ನು ಅತ್ತೆಯ ನಾಲಿಗೆ ಹೇಗೆ ತಾನೇ ತಳ್ಳೀತು? ಸಮೀಕರಣದ ಎರಡೂ ಕಡೆ ಒಂದೇ ಬೆಲೆ. ಸಾಧಿಸಬೇಕಾದುದೇ ಇಲ್ಲ, ಸಾಧಿತವಾಗಿಯೇ ಇದೆ!

ಗಿರಿಜಮ್ಮ ಶುಕ್ರವಾರ ಬಂದಿಳಿದರು. ಶನಿವಾರ ಮಧ್ಯಾಹ್ನ ಅತ್ತೆ ಅಡ್ಡಾಗಿದ್ದಾಗ, ಭಾನುಪ್ರಿಯಾ ಹಿಟ್ಟಿನ ಗಿರಣಿಗೆ ಹೋಗಿದ್ದಾಗ, ಒಬ್ಬ ಸರ್ಕಾರಿ ಮಾನ್ಯತೆ ಪಡೆದ ಶಾಲೆಯ ಶಿಕ್ಷಕರು ತಮ್ಮ ಮನೆಯಲ್ಲೇ ಕಳ್ಳಹೆಜ್ಜೆ ಇಟ್ಟು, ಹತ್ತು ಕಾಯಿಗಳನ್ನು ಉತ್ತರಪತ್ರಿಕೆಯ ಬ್ಯಾಗಿಗೆ ತುಂಬಿ, ಸ್ಕೂಟರಿನಲ್ಲಿ ಪರಾರಿಯಾದರು. ದಾರಿಯ ಗುಂಡಿಗಳಲ್ಲಿ ಬ್ಯಾಗು ಲೊಟಲೊಟ ಎಂದಾಗಲೆಲ್ಲ ಜೋರಾಗಿ ಕೆಮ್ಮಿದರು.

ಭಾನುವಾರ ಸಂಜೆ. ವೀರಭದ್ರಯ್ಯನವರ ಹೋಟೆಲಿನ ಕಿಟಕಿ ಪಕ್ಕದ ಮೇಜು. ಒಂದು ಕಡೆ ಗಿರಿಜಮ್ಮ, ಎದುರಿಗೆ ಭಾನುಪ್ರಿಯಾ. ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಕೂತ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿನ ಲೋಟಗಳನ್ನು ಸಾಲಾಗಿ ಜೋಡಿಸಿದಳು, ಅಮ್ಮನ ಲೋಟಕ್ಕೆ ನೀರು ಬಗ್ಗಿಸಿದಳು.

"ಸುಮ್ನೆ ಕೂತ್ಕೊಳೇ, ಅವರು ಬಗ್ಗಿಸ್ತಾರೆ," ಎಂದರು ಗಿರಿಜಮ್ಮ.

ಮೂರು ಮಸಾಲೆದೋಸೆ ಬಂದವು. ಚಟ್ನಿಯೂ ಬಂತು. ಬೆಳ್ಳಗೆ, ದಪ್ಪಗೆ, ಸಾಸಿವೆ ಕರಿಬೇವಿನ ಒಗ್ಗರಣೆಯ ಕಿರೀಟ ಧರಿಸಿ ಸಾಕ್ಷಾತ್ ಮಹಾರಾಜನಂತೆ ಬಂತು. ಮೇಷ್ಟ್ರು ನಾಲ್ಕು ವರ್ಷದ ಮರ್ಯಾದೆಯನ್ನು ಒಂದೇ ಪ್ರಶ್ನೆಯ ಮೇಲೆ ಪಣಕ್ಕಿಟ್ಟರು.

"ಚಟ್ನಿ ಹೆಂಗಿದೆ ಅತ್ತೆ?"

ಬೆರಳ ತುದಿ ಚಟ್ನಿಗಿಳಿಯಿತು, ನಾಲಿಗೆಗೇರಿತು. ಗಿರಿಜಮ್ಮ ಕಣ್ಣು ಮುಚ್ಚಿದರು. ಮೇಷ್ಟ್ರ ಎದೆ ಉಬ್ಬಿತು. ಗಿರಿಜಮ್ಮ ಕಣ್ಣು ತೆರೆದರು.

"ಈ ಕಾಯಿ ನಮ್ದು."

"ಆಂ?"

"ನಮ್ಮ ತೋಟದ್ದು. ಬಾವಿ ಮಗ್ಗುಲ ಮರದ್ದು. ಆ ಮರದ ಕಾಯಿಗೆ ಕೊನೇಲಿ ಒಂದು ಸಿಹಿ ನಿಲ್ತದೆ. ನನ್ನ ಮಕ್ಕಳ ದನಿ ಮರೆತೇನು, ಅದನ್ನ ಮರೆಯಾಕಿಲ್ಲ."

"ಅದೆಲ್ಲಾದ್ರೂ ಉಂಟಾ ಅತ್ತೆ? ಕಾಯಿ ಅಂದ್ರೆ ಕಾಯಿ..." ಎಂದು ಮೇಷ್ಟ್ರು ಬೆವರುವಷ್ಟರಲ್ಲಿ ವೀರಭದ್ರಯ್ಯ ಗಲ್ಲಾದಿಂದ ಎದ್ದು ನಗುನಗುತ್ತಾ ಬಂದೇಬಿಟ್ಟರು.

"ಏನಮ್ಮಾ, ಹೆಂಗಿದೆ ಚಟ್ನಿ? ಬೆಳಗಿಂದ ಬಂದೋರೆಲ್ಲ ಎರಡೆರಡು ಸಲ ಹಾಕಿಸ್ಕೊಂಡವ್ರೆ! ಎಲ್ಲ ನಿಮ್ಮ ಅಳಿಯಂದ್ರು ತಂದುಕೊಟ್ಟ ಕಾಯಿ. ಮೇಷ್ಟ್ರೇ, ನಿಮ್ಮ ಹತ್ರ ಬಿಲ್ ಗಿಲ್ ಏನೂ ಇಸ್ಕೊಳಲ್ಲ. ಮುಂದಿನ ವಾರಕ್ಕೂ ಒಂದಿಪ್ಪತ್ತು ತಂದ್ಬುಡಿ, ಹಿಂಗೇ ನಡ್ಕೊಂಡು ಹೋಗ್ಲಿ."

ಪಂಚಾಕ್ಷರಿ ಮೇಷ್ಟ್ರು ತಲೆಯ ಮೇಲಿನ ಫ್ಯಾನನ್ನು ನೋಡಿದರು. ಅದು ಬೀಳಲಿಲ್ಲ.

"ಓಹೋ," ಎಂದರು ಗಿರಿಜಮ್ಮ, ಬಹುವಚನಕ್ಕೆ ಒಂದಿಷ್ಟೂ ಕುಂದು ಬಾರದಂತೆ. "ಮಗಳ ಮನೇಲಿ ಸಾರಿಗೆ ಆಗ್ಲಿ ಅಂತ ನಾನು ಒಂದೊಂದೇ ಆಡ್ಸಿ ನೋಡಿ ಆರ್ಸಿ ಕಳ್ಸಿದೆ. ಅಳಿಯಂದ್ರು ಹೋಟ್ಲಿಗೆ ಹಾಲು ಹಾಕ್ದಂಗೆ ವರ್ತನೆ ಹಾಕವ್ರೆ. ಎಷ್ಟು ದಿನದಿಂದ ನಡೀತೈತೆ ಈ ಯಾಪಾರ?"

"ಅಯ್ಯೋ ಇಲ್ಲ ಅತ್ತೆ! ಇದೊಂದೇ ಸಲ! ನಿಮಗೋಸ್ಕರವೇ! ನಿಮಗೆ ಚಟ್ನಿ ಹಿಡಿಸ್ಲಿ ಅಂತ ನಾಲ್ಕು ದಿನ ಊರೆಲ್ಲ ತಿರುಗಿ, ಹೊಟ್ಟೆ ಕೆಡಿಸ್ಕೊಂಡು..." ಸಾಕ್ಷಿಗೆಂದು ಇನ್ನೂರು ಪುಟದ ಪುಸ್ತಕವನ್ನು ಚೀಲದಿಂದ ಎಳೆದು ಮೇಜಿನ ಮೇಲಿಟ್ಟರು. "ನೋಡಿ, ಅಂಕ ಸಮೇತ ಬರೆದಿದೀನಿ. ಭಾನು, ನೀನಾದ್ರೂ ಹೇಳೇ, ನೀನೇ ಕೇಳಿದ್ದಲ್ವಾ?"

ಭಾನುಪ್ರಿಯಾ ಪುಸ್ತಕ ತೆರೆದು ನೋಡಿದಳು. ಮುಚ್ಚಿದಳು. "ನಾನು ಕಾಯಿ ಕೇಳಿದ್ನಾ?"

ಮೇಷ್ಟ್ರು ಅವಳ ಲೋಟಕ್ಕೂ ನೀರು ಬಗ್ಗಿಸಿದರು.

ಗಿರಿಜಮ್ಮ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದರು. ಓದುತ್ತಾ ಓದುತ್ತಾ ಅವರ ಮುಖ ಒಂದು ಥರ ಆಯಿತು. ಬೈಗುಳ ಬರುತ್ತದೆಂದು ಮೇಷ್ಟ್ರು ಕತ್ತು ಒಳಗೆಳೆದುಕೊಂಡರು.

"ಅಲ್ಲಾ ಅಳಿಯಂದ್ರೇ, ನೀರು, ಮೇಜು, ಬಟ್ಟೆ, ದೇವರು ಎಲ್ಲಾರ್ನೂ ಕೇಳ್ಕೊಂಡು ಬಂದಿದೀರಿ. ನನ್ನೊಬ್ಬಳನ್ನ ಬುಟ್ಟು."

"ಕೇಳಿದ್ನಲ್ಲ ಅತ್ತೆ, ಪ್ರತಿ ವರ್ಷ..."

"ಚಟ್ನಿ ಹೆಂಗಿದೆ ಅಂತ ಕೇಳಿದ್ರಿ. ಹೆಂಗಿತ್ತೋ ಹಂಗೆ ಹೇಳ್ದೆ. ಹೆಣ್ಣು ಕೊಟ್ಟ ಮನೇಲಿ ಸುಳ್ಳು ಹೇಳ್ಬಾರ್ದಲ್ಲ! ಏನು ತಿಂತೀರಿ ಅಂತ ಯಾವತ್ತು ಕೇಳಿದ್ರಿ? ನಾನು ಹುಟ್ದಾಗಿನಿಂದ ಕಾಯಿ ಸುಲ್ದಿದೀನಿ, ಕಾಯಿ ಒಡ್ದಿದೀನಿ, ಕಾಯಿ ತುರ್ದಿದೀನಿ. ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಪಾಯಸಕ್ಕೆ ಕಾಯಿ, ಉಪ್ಪಿಟ್ಟಿಗೂ ಮೇಲೆ ಉದುರ್ಸಾಕೆ ಕಾಯಿ. ಊರು ಬುಟ್ಟು ಊರಿಗೆ ಬಂದ್ರೆ ಅಲ್ಲೂ ಕಾಯೇ ತಿನ್ಸಾಕೆ ನಿಂತಿದೀರಲ್ಲ! ಅದೂ ನನ್ನ ತೋಟದ್ದೇ ತಂದು!"

"ಹಂಗಾದ್ರೆ ಏನು ತಿಂತೀಯಮ್ಮ?" ಎಂದಳು ಭಾನುಪ್ರಿಯಾ.

ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳೂ ಕೇಳಿರಲಿಲ್ಲ. ಅವಳಿಗೆ ಅದು ಆಗಷ್ಟೇ ಹೊಳೆದಂತಿತ್ತು.

ಗಿರಿಜಮ್ಮ ಅತ್ತ ಇತ್ತ ನೋಡಿದರು. ತೋಟವಾಳುವ ಹೆಂಗಸು ಹೈಸ್ಕೂಲು ಹುಡುಗಿಯ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಿಟಕಿಯಾಚೆಗೆ ಗದ್ದ ಚಾಚಿ ತೋರಿಸಿದರು. ರಸ್ತೆಯ ಆ ಬದಿಯಲ್ಲಿ ಮಾಯಣ್ಣನ ಗೋಬಿ ಗಾಡಿ ನಿಂತಿತ್ತು. ಬಾಣಲೆ ಚೊರ್ ಎನ್ನುತ್ತಿತ್ತು. ಕೆಂಪಗೆ ಬೆಂಕಿಯ ಹಾಗಿರುವ ಏನನ್ನೋ ಮಾಯಣ್ಣ ಗಾಳಿಗೆ ಹಾರಿಸಿ ಹಿಡಿಯುತ್ತಿದ್ದ.

"ಆ ಗೋಬಿ. ಬಸ್ಸಿಳಿದಾಗಲೆಲ್ಲ ವಾಸನೆ ಹೊಡೀತೈತೆ. ಅದಕ್ಕೆ ಕಾಯಿ ಹಾಕಲ್ವಂತೆ."

"ಅತ್ತೆ, ಅಲ್ಲಿ ಮೇಜು ಒರೆಸೋ ಬಟ್ಟೆ..." ಎಂದು ಮೇಷ್ಟ್ರು ಶುರು ಮಾಡಿದರು.

"ಅಲ್ಲಿ ಮೇಜೇ ಇಲ್ಲ ಬುಡಿ," ಎಂದು ಭಾನುಪ್ರಿಯಾ ಎದ್ದಳು.

ತಾಯಿ ಮಗಳು ಕೈ ಹಿಡಿದುಕೊಂಡು ಎರಡು ಲಾರಿ, ಒಂದು ಟ್ರ್ಯಾಕ್ಟರು ತಡೆದು ರಸ್ತೆ ದಾಟಿದರು. ಮೇಷ್ಟ್ರು ಅತ್ತೆಯ ಕೈಚೀಲ ಹಿಡಿದು ಹಿಂದೆ ಓಡಿದರು. ಗಾಡಿಯ ಪಕ್ಕ ಗೇಣಗಲದ ಎರಡು ಕಲ್ಲುಗಳಿದ್ದವು, ಎದುರುಬದುರು. ಗಿರಿಜಮ್ಮ ಒಂದರ ಮೇಲೆ, ಭಾನುಪ್ರಿಯಾ ಇನ್ನೊಂದರ ಮೇಲೆ ಕೂತರು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.

"ಎರಡು ಪ್ಲೇಟ್ ಕಣಪ್ಪ," ಎಂದರು ಗಿರಿಜಮ್ಮ. "ಖಾರ ಮುಂದಾಗಿ ಹಾಕು."

"ಅತ್ತೆ, ನನಗೂ ಒಂದು..."

ಗಿರಿಜಮ್ಮ ತಲೆಯೆತ್ತಿದರು. "ಅಳಿಯಂದ್ರೇ, ಅಲ್ಲಿ ಮೂರು ದೋಸೆ ಹಂಗೇ ಬುಟ್ಟು ಬಂದಿದೀವಿ. ದುಡ್ಡು ಬೇರೆ ಇಸ್ಕೊಳಲ್ಲ ಅಂದವ್ರೆ ಯಜಮಾನ್ರು. ಚೆಲ್ಲಿದ್ರೆ ಅನ್ನದ ಶಾಪ ತಟ್ಟತೈತೆ. ಹೋಗಿ, ಕೂತು ತಿಂದು ಬನ್ನಿ. ನಮಗೇನೂ ಅವಸರ ಇಲ್ಲ."

ಮೇಷ್ಟ್ರು ಎರಡು ಪ್ಲೇಟು ಬರುವವರೆಗೂ ಅಲ್ಲೇ ನಿಂತು, ಹೆಂಡತಿಯ ಮುಖ ನೋಡಿದರು. ಭಾನುಪ್ರಿಯಾ ಅಮ್ಮ ಹೇಳುತ್ತಿದ್ದ ಯಾವುದೋ ಹಳೇ ಮಾತಿಗೆ ಬಾಯಿ ತುಂಬ ಗೋಬಿ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಗಂಡ ಪಕ್ಕದಲ್ಲಿ ನಿಂತಿರುವುದು ಅವಳಿಗೆ ತಿಳಿದೇ ಇರಲಿಲ್ಲ.

ಮೇಷ್ಟ್ರು ವಾಪಸ್ಸು ರಸ್ತೆ ದಾಟಿದರು. ಅವರಿಗಾಗಿ ಯಾವ ಲಾರಿಯೂ ನಿಲ್ಲಲಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಮೂರು ತಟ್ಟೆಗಳ ಮುಂದೆ ಒಬ್ಬರೇ ಕೂತು ಮೊದಲನೇ ದೋಸೆ ಮುರಿದರು. ವೀರಭದ್ರಯ್ಯ ಚಟ್ನಿಯ ಬಕೆಟ್ಟನ್ನೇ ಎತ್ತಿಕೊಂಡು ಪ್ರೀತಿಯಿಂದ ಬಂದು ನಿಂತರು.

"ಸಂಕೋಚ ಬೇಡ ಮೇಷ್ಟ್ರೇ. ನಿಮ್ಮ ಮನೇದೇ ಅಲ್ವಾ," ಎಂದು ಮೂರೂ ತಟ್ಟೆಗೆ ಒಂದೊಂದು ಸೌಟು ಬಡಿಸಿದರು.