ತಾತನ ಕೈಗೊಂದು ರಬ್ಬರ್ ಸೀಲು

ಆವುಲಪ್ಪ: ಇದೇನ್ಲಾ ಇದು?

ಶ್ಯಾಮಣ್ಣ: ಸೀಲು, ಬಾವ.

ಆವುಲಪ್ಪ: ಇದು ಸೀಲಾ?

ಶ್ಯಾಮಣ್ಣ: ರಬ್ಬರ್ ಸೀಲು. ಮುಟ್ ನೋಡು, ರಬ್ಬರ್ ಅಲ್ವಾ? ರೌಂಡಾಗಿಲ್ವಾ? ಎರಡಿಂಚು ಇಲ್ವಾ? ನೀನು ಹೇಳ್ದಂಗೇ ತಂದಿವ್ನಿ.

ಆವುಲಪ್ಪ: ಮತ್ತೆ ಈ ಮರದ ಹಿಡಿ ಯಾಕೆ ಐತೆ?

ಶ್ಯಾಮಣ್ಣ: ಹಿಡ್ಕಣಾಕೆ.

ಆವುಲಪ್ಪ ಆ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದ. ತಮಿಳು ಸೀಮೆಯ ಉದ್ದನಪಲ್ಲಿಯ ಅವನ ಮನೆಯಂಗಳದಲ್ಲಿ, ಅವನ ಬೆನ್ನಿಗೆ ಆನಿಕೊಂಡಂತೆ, ಒಂದು ಮುದಿ ಟ್ರ್ಯಾಕ್ಟರು ನಿಂತಿತ್ತು. ಯಾವುದೋ ದೊರೆಯ ತೋಟ ಹರಾಜಾದಾಗ ಅವನಪ್ಪ ಹಿಡಿದು ತಂದದ್ದು. ಊರೆಲ್ಲ ಅದನ್ನು ತಾತ ಎಂದೇ ಕರೆಯುತ್ತಿತ್ತು. ತಾತನಿಗೆ ಮುಂಭಾಗದಲ್ಲಿ ಎರಡು ಕಬ್ಬಿಣದ ಕೈ, ಕೈಯ ತುದಿಗೆ ಗೊಬ್ಬರ ಬಾಚುವ ದೊಡ್ಡ ಬಾಂಡಲಿ. ಎಣ್ಣೆಯ ಒತ್ತಡಕ್ಕೆ ಆ ಕೈ ಮೇಲೇಳಬೇಕು. ಏಳುತ್ತಲೂ ಇತ್ತು. ಆದರೆ ಆವುಲಪ್ಪ ಎಲೆಯಡಿಕೆ ಉಗಿದು ತಿರುಗುವಷ್ಟರಲ್ಲಿ, ಯಾರಿಗೋ ನಮಸ್ಕಾರ ಮಾಡುವಂತೆ ಮೆಲ್ಲಗೆ ನೆಲಕ್ಕೆ ಇಳಿದುಬಿಡುತ್ತಿತ್ತು.

ಅದಕ್ಕೇ ಈ ವರ್ಷ ರಾಯಕೋಟೆಯ ಮೆಕ್ಯಾನಿಕ್ ರಾಮಚಂದ್ರಪ್ಪನನ್ನು ಕರೆಸಿ ತಾತನ ಕೈಗೆ ಹೊಸ ಬಲ ತುಂಬಿಸುವ ಕೆಲಸ ಶುರುವಾಗಿತ್ತು. ಹೊಸ ಪಂಪು ಬಂತು, ಹೊಸ ಪೈಪು ಬಂತು, ಯಾವುದೋ ದೊಡ್ಡ ಮೆಷಿನ್ನಿನಿಂದ ಬಿಚ್ಚಿದ ದಪ್ಪ ಸಿಲಿಂಡರೂ ಬಂತು. ಬಾಕಿ ಉಳಿದದ್ದು ಆ ಸಿಲಿಂಡರಿನಿಂದ ಎಣ್ಣೆ ಸೋರದಂತೆ ತಡೆಯುವ ಒಂದು ರಬ್ಬರ್ ಬಳೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದರ ಹೆಸರು ಸೀಲು. ಅದನ್ನು ಹೊಸೂರಿನಿಂದ ತರಲು ಆವುಲಪ್ಪ ಹೆಂಡತಿಯ ತಮ್ಮ ಶ್ಯಾಮಣ್ಣನಿಗೆ ಹೇಳಿದ್ದ. ಶ್ಯಾಮಣ್ಣ ದಿನಾ ಬಸ್ಸಿನಲ್ಲಿ ಹೊಸೂರಿನ ಫ್ಯಾಕ್ಟರಿಗೆ ಹೋಗಿಬರುವವನು. ಫ್ಯಾಕ್ಟರಿಗೆ ಹೋಗುವವನಿಗೆ ಮೆಷಿನ್ನಿನ ವಿಷಯವೆಲ್ಲ ಗೊತ್ತಿರುತ್ತದೆ ಎಂದು ಆವುಲಪ್ಪ ನಂಬಿದ್ದ.

ಆವುಲಪ್ಪ: ಲೇ, ನಾನ್ ಏನ್ ಹೇಳಿದ್ದೆ ನಿಂಗೆ? ಇನ್ನೊಂದ್ ಸಾರಿ ಹೇಳು.

ಶ್ಯಾಮಣ್ಣ: ರಬ್ಬರ್ ಸೀಲು, ಎರಡಿಂಚು, ರೌಂಡು.

ಆವುಲಪ್ಪ: ಆಮ್ಯಾಕೆ?

ಶ್ಯಾಮಣ್ಣ: ಒಂದ್ ತೊಟ್ಟೂ ಸೋರ್ಬಾರ್ದು ಅಂದೆ. ಕೇಳ್ದೆ. ಇಂಕು ಸೋರಾಕಿಲ್ಲ ಅಂತ ಅಂಗಡಿಯೋನು ಮಕ್ಳಾಣೆ ಇಟ್ಟ.

ಆವುಲಪ್ಪ: ಆಮ್ಯಾಕೆ?

ಶ್ಯಾಮಣ್ಣ: ಎಷ್ಟ್ ಒತ್ತುದ್ರೂ ತಡೀಬೇಕು ಅಂದೆ. ಒತ್ ನೋಡ್ದೆ. ಅವ್ನ ಮೇಜಿನ ಮ್ಯಾಲೆ ಜಾಗ ಇಲ್ದಂಗೆ ಒತ್ತಿವ್ನಿ. ಬೈದು ಕಳಿಸ್ದ.

ಆವುಲಪ್ಪ: ತಾತನ ಕೈಗೆ ಅಂತ ಹೇಳಿರ್ಲಿಲ್ವೇನ್ಲಾ?

ಶ್ಯಾಮಣ್ಣ: ಕೈಗೆ ಅಂದೆ. ಅದಕ್ಕೇ ತಾನೆ ಹಿಡಿ ಇರೋದ್ನ ತಂದಿದ್ದು!

ಆವುಲಪ್ಪ: ಲೇ, ಫ್ಯಾಕ್ಟ್ರಿನಾಗೆ ಏನ್ಲಾ ಕೆಲ್ಸ ಮಾಡ್ತೀಯ ನೀನು?

ಶ್ಯಾಮಣ್ಣ: ಪ್ಯಾಕಿಂಗು. ಡಬ್ಬದ ಮ್ಯಾಲೆ ಠಪ್ ಅಂತ ಒತ್ತೋದು. ನಮ್ ಸೆಕ್ಷನ್ನಾಗೆ ಸೀಲು ಅಂದ್ರೆ ಇದೇ ಬಾವ. ನಿಂಗೆ ಬ್ಯಾರೇದು ಬೇಕಿದ್ರೆ ಬ್ಯಾರೆ ಹೆಸ್ರು ಹೇಳ್ಬೇಕಿತ್ತು.

ಹಿತ್ತಿಲ ಕಡೆಯಿಂದ ಕೊಂಡಮ್ಮ ಬಂದಳು. ಬಂದವಳೇ ಗಂಡನ ಕೈಯಲ್ಲಿದ್ದುದನ್ನು ನೋಡಿದಳು, ತಮ್ಮನ ಮುಖ ನೋಡಿದಳು, ಟ್ರ್ಯಾಕ್ಟರಿನ ಚಕ್ರ ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಗುವಾಗಲೂ ಅವಳ ಕತ್ತು ಮಾತ್ರ ಅಲುಗಲಿಲ್ಲ.

ತಾತನ ಕೆಲಸಕ್ಕೆಲ್ಲ ಕಾರಣ ಆ ಕತ್ತೇ. ಮದುವೆಯಾಗಿ ಬಂದ ವರ್ಷದಿಂದ, ರಾಗಿ ಬಿತ್ತನೆಗೆ ಮುಂಚೆ ತಿಪ್ಪೆಗುಂಡಿಯ ಗೊಬ್ಬರವನ್ನೆಲ್ಲ ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು, ಗಾಡಿಗೆ ಸುರಿಯುತ್ತಿದ್ದವಳು ಕೊಂಡಮ್ಮ. ಈಚೆಗೆ ಯಾರಾದರೂ ಹಿಂದಿನಿಂದ ಕೂಗಿದರೆ ಅವಳು ಕತ್ತು ತಿರುಗಿಸುತ್ತಿರಲಿಲ್ಲ. ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು. ಅದನ್ನು ಕಂಡ ಮೇಲೇ ಆವುಲಪ್ಪ, ಈ ವರ್ಷ ಗೊಬ್ಬರ ತಾತನೇ ಎತ್ತುತ್ತಾನೆ, ನೀನು ಮಂಕರಿ ಮುಟ್ಟಬೇಡ ಎಂದಿದ್ದು. ಆ ಮಾತಿಗೆ ಕೊಂಡಮ್ಮ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯನ್ನು ತಾತನ ಕೈಗೇ ನೇತುಹಾಕಿದ್ದಳು. ಅದು ಇನ್ನೂ ಅಲ್ಲೇ ನೇತಾಡುತ್ತಿತ್ತು.

ಕೊಂಡಮ್ಮ: ಸರಿ ಬುಡು. ತಾತ ಗೊಬ್ಬರ ಎತ್ತದಿದ್ರೆ ಏನಂತೆ, ಠಪ್ ಅಂತ ಸೀಲಾದ್ರೂ ಒತ್ತಲಿ.

ಆವುಲಪ್ಪ: ನಿನ್ ತಮ್ಮನ್ ಬುದ್ಧಿಗೆ ಒತ್ಬೇಕು. ಹಳೇ ಸೀಲ್ನ ಕೊಟ್ ಕಳ್ಸಾಣ ಅಂತಿದ್ದೆ, ಅದ್ನ ನಾಯಿ ಎತ್ಕಂಡೋಗಿತ್ತು.

ಕೊಂಡಮ್ಮ: ನಾಯಿನೇ ಕಳಿಸ್ಬೇಕಿತ್ತು. ಅದಕ್ಕೆ ಸೀಲು ಅಂದ್ರೆ ಯಾವ್ದು ಅಂತ ಗೊತ್ತಿತ್ತು.

ಶ್ಯಾಮಣ್ಣ: ಅಕ್ಕ, ನೀನೂ ಹಿಂಗಂದ್ರೆ ಹೆಂಗೆ?

ಆವುಲಪ್ಪ: ನಾಳೇನೇ ಇದನ್ನ ತಗಂಡೋಗಿ ಅವ್ನ ಮಕದ ಮ್ಯಾಲೆ ಎಸೆದ್ ಬಾ. ಇದ್ರಾಗೆ ಏನೋ ಕೆತ್ಯವ್ನೆ, ಅದೂ ತಿರುಗಾ ಮುರುಗಾ. ನಿನ್ ತಲೆಯಿದ್ದಂಗೇ ಐತೆ.

ಶ್ಯಾಮಣ್ಣ: ತಿರುಗ್ಸಿ ಕೆತ್ತುದ್ರೇ ಒತ್ತಿದಾಗ ನೆಟ್ಟಗೆ ಬರೋದು. ನಿನ್ ಹೆಸ್ರೇ ಕಣ್ ಬಾವ. ತಮಿಳಿನಾಗೆ ಬರ್ಸಿವ್ನಿ. ಆವುಲಪ್ಪ, ಉದ್ದನಪಲ್ಲಿ.

ಆವುಲಪ್ಪ: ನನ್ ಹೆಸ್ರು ತಾತನ ಸಿಲಿಂಡ್ರೊಳಗೆ ಯಾಕ್ಲಾ ಬೇಕು?

ಶ್ಯಾಮಣ್ಣ: ನಂಗೂ ಅದೇ ಅನುಮಾನ ಬಂತು. ಆದ್ರೆ ಅಂಗಡಿಯೋನು ಬುಡ್ಲಿಲ್ಲ. ಹೆಸ್ರು ಕೇಳ್ದ, ಹೇಳ್ದೆ. ಊರು ಕೇಳ್ದ, ಹೇಳ್ದೆ. ಆಮ್ಯಾಕೆ 'ಎನ್ನ ಪದವಿ?' ಅಂದ, ಏನ್ ಹುದ್ದೆ ಅಂತ. ಪದವಿ ಇಲ್ದಿದ್ರೆ ಸೀಲ್ಗೆ ಮರ್ಯಾದೆ ಇಲ್ವಂತೆ. ನಾನೂ ಯೋಚ್ನೆ ಮಾಡಿ, 'ತಲೈವರ್' ಅಂತ ಹಾಕು ಅಂದ್ಬುಟ್ಟೆ.

ಹಿಂದೊಮ್ಮೆ ಪಂಚಾಯ್ತಿ ತಲೈವರ್, ಅಂದರೆ ಅಧ್ಯಕ್ಷ, ಆಗಬೇಕೆಂದು ಎಲೆಕ್ಷನ್ನಿಗೆ ನಿಂತು ಆವುಲಪ್ಪ ಹೀನಾಯವಾಗಿ ಸೋತಿದ್ದ. ಆ ಮಾತನ್ನು ಯಾರೂ ಅವನ ಮುಂದೆ ಎತ್ತುತ್ತಿರಲಿಲ್ಲ. ಅವನು ಸೀಲನ್ನು ಪಂಚೆಯ ಅಂಚಿನಲ್ಲಿ ಒರೆಸಿದ. ಬಿಸಿಲಿಗೆ ಹಿಡಿದು ನೋಡಿದ. ಅವನು ಓದಿದ್ದು ತೆಲುಗು ಸ್ಕೂಲಿನಲ್ಲಿ ಮೂರನೇ ಕ್ಲಾಸು; ತಮಿಳಕ್ಷರ ಒಂದೂ ಬಾರದು. ಆದರೂ ಅಕ್ಷರಗಳು ಈಗ ಅವನಿಗೆ ಮುದ್ದಾಗಿಯೇ ಕಂಡವು.

ಆವುಲಪ್ಪ: ಯಾವ್ದು ತಲೈವರ್ ಅಂತ ಇರೋದು?

ಶ್ಯಾಮಣ್ಣ: ನಡೂಮಧ್ಯದಾಗೆ. ದಪ್ಪಕ್ಷರ.

ಆವುಲಪ್ಪ: ಇಂಕು ಏನಾರಾ ಕೊಟ್ಟವ್ನಾ?

ಕೊಂಡಮ್ಮ: ಈಗ್ತಾನೇ ಮಕದ ಮ್ಯಾಲೆ ಎಸೆದ್ ಬಾ ಅಂತಿದ್ದೆ?

ಆವುಲಪ್ಪ: ಎಸೀಯೋಕ್ ಮುಂಚೆ ಹೆಂಗೈತೆ ಅಂತ ನೋಡ್ಬೇಕಲ್ವೇನೇ? ಊರು ನನ್ನ ತಲೈವರ್ ಮಾಡ್ನಿಲ್ಲ, ಹೊಸೂರಿನೋನು ಮಾಡವ್ನೆ.

ಕೊಂಡಮ್ಮ: ನಾನೂ ಅವತ್ತು ವೋಟಿನ ಸೀಲು ಒತ್ತಿದ್ದೆ.

ಆವುಲಪ್ಪ: ನಂಗೇ ತಾನೆ?

ಕೊಂಡಮ್ಮ: ಒತ್ತಿದ್ದೆ ಅಂದ್ನಲ್ಲ, ಅಷ್ಟು ಸಾಕು.

ಶ್ಯಾಮಣ್ಣ ಚೀಲದಿಂದ ಇಂಕಿನ ಪ್ಯಾಡ್ ತೆಗೆದುಕೊಟ್ಟ. ಆವುಲಪ್ಪ ಮೊದಲು ಅಂಗೈಗೆ ಒತ್ತಿಕೊಂಡ. ಆಮೇಲೆ ತಾತನ ಮಡ್ಗಾರ್ಡಿಗೆ ಒತ್ತಿದ. ಮೂರನೆಯದಕ್ಕೆ ಜಾಗ ಹುಡುಕುತ್ತಿರುವಾಗ ಕೊಂಡಮ್ಮ ಅವನ ಕೈ ಹಿಡಿದಳು.

ಕೊಂಡಮ್ಮ: ಸುಮ್ಕೆ ಯಾಕೆ ಇಂಕು ಹಾಳ್ ಮಾಡ್ತೀಯ? ಒಂದ್ ಮಾತಿಗೆ ಒತ್ತು.

ಆವುಲಪ್ಪ: ಏನ್ ಮಾತು?

ಕೊಂಡಮ್ಮ: ಮಳೆ ಬೀಳೋಕ್ ಮುಂಚೆ ತಾತನ ಕೈ ಗೊಬ್ಬರ ಎತ್ಬೇಕು. ಎತ್ನಿಲ್ಲ ಅಂದ್ರೆ ಈ ವರ್ಸ ಮಂಕ್ರಿ ನೀನ್ ಹೊರ್ಬೇಕು. ನನ್ ಕತ್ತು ಇನ್ ಆಗಾಕಿಲ್ಲ. ಒತ್ತು, ತಲೈವರೇ.

ತಲೈವರೇ ಎನಿಸಿಕೊಂಡ ಮೇಲೆ ಗಂಡಸು ಹಿಂದೆ ಮುಂದೆ ನೋಡುವುದುಂಟೇ? ದನದ ಕೊಟ್ಟಿಗೆಯ ಸುಣ್ಣದ ಗೋಡೆಗೆ ಆವುಲಪ್ಪ ಸೀಲನ್ನು ಒತ್ತಿಯೇಬಿಟ್ಟ. ನೇರಳೆ ಬಣ್ಣದಲ್ಲಿ ದುಂಡಗೆ, ಒಂದು ತೊಟ್ಟೂ ಸೋರದೆ ಮೂಡಿತು.

ನಿಜವಾದ ಸೀಲನ್ನು ಆಮೇಲೆ ರಾಮಚಂದ್ರಪ್ಪನೇ ಹೊಸೂರಿಗೆ ಹೋಗಿ ತಂದ. ಸಿಲಿಂಡರಿನೊಳಗೆ ಕೂರಿಸಿದ, ಎಣ್ಣೆ ತುಂಬಿದ, ಬೋಲ್ಟು ಬಿಗಿದ. ಬರಿಗೈ ಎತ್ತಿ ನೋಡಿದರೆ ತಾತ ಕೈಯನ್ನು ಮನೆಯ ಸೂರಿನೆತ್ತರಕ್ಕೆ ಎತ್ತಿ, ಎಲೆಯಡಿಕೆ ಉಗಿದು ಬಂದರೂ ಇಳಿಸದೆ ನಿಂತ. ಆವುಲಪ್ಪನ ಎದೆಯೂ ಅಷ್ಟೇ ಎತ್ತರಕ್ಕೆ ಉಬ್ಬಿತು. ಟ್ರ್ಯಾಕ್ಟರನ್ನು ತಿಪ್ಪೆಗುಂಡಿಯ ಅಂಚಿಗೆ ತಂದು, ಒಂದು ವರ್ಷ ತುಳಿದು ಗಟ್ಟಿಯಾಗಿದ್ದ ಗೊಬ್ಬರಕ್ಕೆ ಬಾಂಡಲಿಯನ್ನು ನುಗ್ಗಿಸಿ, ತಾತನ ಕೈ ಎತ್ತುವ ಹಿಡಿ ಎಳೆದ. ಹೊಸ ಪಂಪು ಗುರುಗುಟ್ಟಿತು.

ಆವುಲಪ್ಪ: ಎತ್ತುತು! ಎತ್ತುತು! ನೋಡೇ, ಎತ್ತುತು!

ಕೊಂಡಮ್ಮ: ಏನ್ನ ಎತ್ತುತು?

ಆವುಲಪ್ಪ: ಕಣ್ ಕಾಣ್ಸಾಕಿಲ್ವೇನೇ? ಮ್ಯಾಕ್ ಹೋಯ್ತಾ ಐತೆ!

ಕೊಂಡಮ್ಮ: ಮ್ಯಾಕ್ ಹೋಯ್ತಾ ಇರೋದು ನೀನು.

ಆವುಲಪ್ಪ ಕೆಳಗೆ ನೋಡಿದ. ಗೊಬ್ಬರ ಗುಂಡಿಯಲ್ಲೇ ಭದ್ರವಾಗಿತ್ತು. ತಾತನ ಹಿಂದಿನ ಎರಡು ಚಕ್ರಗಳು ನೆಲ ಬಿಟ್ಟಿದ್ದವು. ಸೀಟಿನ ಮೇಲೆ ಕುಳಿತವನು ಗೊಬ್ಬರದ ಕಡೆಗೆ ಬಾಗಿ, ಕಾಲು ಗಾಳಿಗಿಟ್ಟು ತೇಲುತ್ತಿದ್ದ.

ಆವುಲಪ್ಪ: ರಾಮಚಂದ್ರಪ್ಪಾ! ಇದೇನಪ್ಪಾ ಇದು?

ರಾಮಚಂದ್ರಪ್ಪ: ಕೈ ಹೊಸದು, ಮೈ ಹಳೇದು. ಕೈಗೆ ಬಲ ಜಾಸ್ತಿ ಆಯ್ತು ಕಣಣ್ಣ. ಹಿಂದ್ಗಡೆ ತೂಕ ಬೇಕು. ಶ್ಯಾಮಣ್ಣ, ಹಿಂದ್ಗಡೆ ಹತ್ತು.

ಶ್ಯಾಮಣ್ಣ ಹಿಂದುಗಡೆ ಹತ್ತಿ ನಿಂತ. ಹಿಡಿ ಎಳೆದಾಗ ಶ್ಯಾಮಣ್ಣನೂ ಮೇಲೆ ಹೋದ.

ಶ್ಯಾಮಣ್ಣ: ಬಾವ, ಇಲ್ಲಿಂದ ರಾಯಕೋಟೆ ಬೆಟ್ಟ ಚೆನ್ನಾಗ್ ಕಾಣ್ತೈತೆ!

ಕೊಂಡಮ್ಮ: ಫ್ಯಾಕ್ಟ್ರಿ ಅನ್ನ ತಿಂದೂ ತೂಕ ಬರ್ನಿಲ್ವಲ್ಲೋ ನಿಂಗೆ.

ತಾತನನ್ನು ಜೋಪಾನವಾಗಿ ಇಳಿಸಿದ್ದಾಯಿತು. ಹಿಂದಕ್ಕೆ ಕಟ್ಟಲು ದೊಡ್ಡ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಕಲ್ಲು ತುಂಬಬೇಕು, ಬರುವ ವಾರ ತರುತ್ತೇನೆ ಎಂದು ಹೇಳಿ ರಾಮಚಂದ್ರಪ್ಪ ಸೈಕಲ್ ಹತ್ತಿ ಹೊರಟ. ಅಂಚೆಟ್ಟಿ ಕಡೆಯ ಗುಡ್ಡಗಳ ಮೇಲೆ ಮೋಡ ಕಪ್ಪಾಗುತ್ತಿತ್ತು. ಮಳೆ ಬಿದ್ದು ಗುಂಡಿಗೆ ನೀರು ನಿಂತರೆ ಆ ವರ್ಷದ ಗೊಬ್ಬರ ಹೊಲ ಸೇರುವಂತಿರಲಿಲ್ಲ.

ಕೊಂಡಮ್ಮ: ವಾರ ಆಗ್ತೈತಂತೆ. ಮಳೆ ಕಾಯ್ತೈತಾ?

ಆವುಲಪ್ಪ: ನೋಡು, ತಾತನ ಕೈ ಎತ್ತುತ್ತಾ ಇಲ್ವಾ? ಎತ್ತುತು. ನಾನ್ ಮಾತಿಗೆ ತಪ್ಪಿಲ್ಲ.

ಕೊಂಡಮ್ಮ: ಗೊಬ್ಬರ ಎತ್ಬೇಕು ಅಂತ ಮಾತು. ನಿನ್ನ ಎತ್ಬೇಕು ಅಂತ ಅಲ್ಲ.

ಆವುಲಪ್ಪ: ಯಾರಂದೋರು ಹಂಗೆ? ಗೋಡೆ ಮ್ಯಾಲೆ ಹಂಗಂತ ಬರ್ದೈತಾ?

ಕೊಂಡಮ್ಮ: ಗೋಡೆ ಮ್ಯಾಲೆ ಏನ್ ಬರ್ದೈತೆ? ಶ್ಯಾಮ, ಓದಾಕ್ ಬರೋನು ನೀನೊಬ್ನೇ. ಓದು.

ಶ್ಯಾಮಣ್ಣ: ಆವುಲಪ್ಪ. ತಲೈವರ್. ಉದ್ದನಪಲ್ಲಿ.

ಕೊಂಡಮ್ಮ: ಅಷ್ಟೇ ಸಾಕು. ತಲೈವರ್ ಅಂದ್ರೇನು? ತಲೆ ಇರೋನು ತಾನೆ?

ಅವಳು ತಾತನ ಕೈಯಿಂದ ಸಿಂಬಿಯನ್ನು ಬಿಚ್ಚಿದಳು. ಧೂಳು ಕೊಡವಿದಳು. ಗಂಡನ ತಲೆಯ ಮೇಲಿದ್ದ ಟವೆಲ್ ತೆಗೆದು, ಸಿಂಬಿಯನ್ನು ಎರಡೂ ಕೈಯಿಂದ ಹದವಾಗಿ ಕೂರಿಸಿದಳು. ಆವುಲಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶ್ಯಾಮಣ್ಣ ಮಂಕರಿ ತುಂಬಿ ಎತ್ತಿಕೊಟ್ಟಿದ್ದ.

ಮೊದಲನೆಯ ಮಂಕರಿ ಹೇಗೋ ಗಾಡಿ ಸೇರಿತು. ಎರಡನೆಯದಕ್ಕೆ ಕತ್ತು ಹೆಗಲೊಳಗೆ ಇಳಿದಂತಾಯಿತು. ಮೂರನೆಯದರಲ್ಲಿ ತಳದ ಹಸಿ ಗೊಬ್ಬರ ಬಂದು, ಮಂಕರಿಯ ಸಂದಿನಿಂದ ತೊಟ್ಟು ತೊಟ್ಟಾಗಿ ಕಿವಿಯ ಹಿಂದೆ ಇಳಿಯತೊಡಗಿತು.

ಆವುಲಪ್ಪ: ಲೇ ಶ್ಯಾಮ, ಸೋರ್ತಾ ಐತಲ್ಲೋ!

ಶ್ಯಾಮಣ್ಣ: ಮಂಕ್ರಿಗೆ ಸೀಲ್ ಇರಾಕಿಲ್ಲ ಬಾವ.

ಆವುಲಪ್ಪ: ಅಲ್ಲಲೇ, ಬ್ಯಾರೆ ಪದವಿ ಯಾವ್ದೂ ಸಿಗ್ನಿಲ್ವೇನ್ಲಾ ನಿಂಗೆ? ಕಾಲಿಂದೋ ಬೆರಳಿಂದೋ ಯಾವ್ದಾರಾ ಹಾಕ್ಸಾಕಾಗ್ಲಿಲ್ವಾ?

ಗಾಡಿಯ ಹತ್ತಿರ ಬಂದಾಗ ಕೊಂಡಮ್ಮ ಹಿಂದಿನಿಂದ ಏನೋ ಕೂಗಿದಳು. ಆವುಲಪ್ಪನಿಗೆ ಕತ್ತು ತಿರುಗಿಸಲು ಆಗಲಿಲ್ಲ. ಇಡೀ ಮೈಯನ್ನೇ ತಿರುಗಿಸಿ ಅವಳತ್ತ ನೋಡಿದ. ತಿರುಗಿದ ಮೇಲೆ ಅವನಿಗೆ ಅದು ಯಾರು ತಿರುಗುವ ರೀತಿ ಎಂದು ತಿಳಿಯಿತು. ಕೊಂಡಮ್ಮ ಬಂದು, ವಾಲುತ್ತಿದ್ದ ಮಂಕರಿಗೆ ಒಂದು ಕೈ ಕೊಟ್ಟು ನೆಟ್ಟಗೆ ಮಾಡಿದಳು.

ಆವುಲಪ್ಪ: ಇಷ್ಟ್ ವರ್ಸ ಇದನ್ನ ಹೆಂಗೇ ಹೊತ್ತೆ ನೀನು? ಒಂದ್ ದಿನಾನಾರಾ ಆಗಾಕಿಲ್ಲ ಅಂತ ಅನ್ಬಾರ್ದಿತ್ತಾ?

ಕೊಂಡಮ್ಮ: ವರ್ಸಾ ವರ್ಸಾ ಅಂತಾನೇ ಇದ್ದೆ. ಆಗ ಮನ್ಯಾಗೆ ಸೀಲ್ ಇರ್ಲಿಲ್ಲವಲ್ಲ.