ಭಾಂಡುಪ್‌ನ ಸರ್ವರ್, ಸಯನ್‌ನ ಸಂಶಯ

ಮುಂಬಯಿಯ ಹೋಟೆಲುಗಳಿಗೆ ಕಂಪ್ಯೂಟರ್ ಜೋಡಿಸುವ ಕೆಲಸ ನನ್ನದು. ಮೆಷಿನ್ ಕೈಕೊಟ್ಟರೆ ರಿಪೇರಿ ಮಾಡಬಹುದು. ಧಣಿಗಳ ಸಂಶಯಕ್ಕೆ ಎಲ್ಲಿಯ ರಿಪೇರಿ? ಅಂಥ ಗಿರಾಕಿಗಳು ನನ್ನನ್ನೇ ಹುಡುಕಿಕೊಂಡು ಬಂದು ಗಂಟುಬೀಳುತ್ತಾರೆ. ಸಯನ್‌ನ ಒಬ್ಬ ಧಣಿ ಮಾತ್ರ ಎಲ್ಲರನ್ನೂ ಮೀರಿಸಿದವರು.

ಅವರ ಮನೆ ಸಯನ್‌ನಲ್ಲಿ, ಹೋಟೆಲ್ ಇರುವುದು ಲೋಕಲ್ ರೈಲು ಹಿಡಿದು ಹೋಗಬೇಕಾದ ಭಾಂಡುಪ್‌ನಲ್ಲಿ. ಧಣಿಗೆ ವಿಪರೀತ ಮೊಣಕಾಲು ನೋವು. ಸ್ಟೇಷನ್ ಬ್ರಿಡ್ಜ್ ಹತ್ತಲೇಬಾರದೆಂದು ಡಾಕ್ಟರ್ ಹೇಳಿದ್ದರು. ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿಯೇ ನನ್ನನ್ನು ಕರೆಸಿದರು. "ಹೋಟೆಲಿನ ಬಿಲ್ಲೆಲ್ಲ ಮನೆಯಲ್ಲೇ ಕಾಣುವ ಹಾಗೆ ಮಾಡಿಕೊಡಿ. ಇವರನ್ನು ಹೇಗಾದ್ರೂ ಸೋಫಾದಲ್ಲಿ ಕೂರಿಸಿ."

೧. ಬಾಗಿಲು ಯಾರಿಗೆ?

"ಬಿಲ್ಲೆಲ್ಲ ಇಟ್ಟುಕೊಳ್ಳುವ ಸರ್ವರ್ ಕಂಪ್ಯೂಟರ್ ಈಗ ಹೋಟೆಲಿನ ಒಳಗಿನ ಮೆಷಿನ್‌ಗಳಿಗೆ ಮಾತ್ರ ಓಗೊಡ್ತದೆ ಧಣಿ. ಹೊರಗಿನ ಕನೆಕ್ಷನ್ನಿಗೂ ಬಾಗಿಲು ತೆಗೀಬೇಕು" ಎಂದೆ.

"ಹೊರಗಿನವರಿಗಾ? ಎದುರು ಹೋಟೆಲಿನವ ನುಗ್ಗಿ ನಮ್ಮ ಸಾಂಬಾರಿನ ಗುಟ್ಟು ಎಗರಿಸಿದ್ರೆ?"

"ಅದರಲ್ಲಿ ಬಿಲ್ಲು ಮಾತ್ರ ಇರುದು. ಸಾಂಬಾರಿನ ಗುಟ್ಟು ಇಲ್ಲ."

ಧಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ಹುಡುಕಿದ್ರಾ?"

೨. ಎರಡು ಬೀಗ

ಅವರ ಹೋಟೆಲಿನ ಗೋಡೌನಿಗೆ ಎರಡು ಬೀಗ. ಒಂದರ ಕೀ ಮ್ಯಾನೇಜರ್ ಹತ್ತಿರ, ಇನ್ನೊಂದರದ್ದು ಅಡುಗೆ ಭಟ್ಟರ ಹತ್ತಿರ. ಒಬ್ಬರೇ ಹೋಗಿ ತೊಗರಿಬೇಳೆ ಮುಟ್ಟುವಂತಿಲ್ಲ. ಪಾಸ್‌ವರ್ಡ್‌ಗೂ ಧಣಿ ಇದೇ ಕಾನೂನು ತಂದರು: ಅರ್ಧ ತನಗೆ, ಉಳಿದರ್ಧ ಅಕ್ಕನಿಗೆ. ಧಣಿ ಹೆಗಲ ಮೇಲಿನ ಬೈರಾಸು ತೆಗೆದು ಕೀಬೋರ್ಡಿಗೆ ಹೊದಿಸಿ ತನ್ನ ಅರ್ಧ ಒತ್ತಿದರು. ಅಕ್ಕ ತೆಂಗಿನಕಾಯಿ ತುರಿಯುವುದನ್ನು ಬಿಟ್ಟು ಬಂದು ಅದೇ ಬೈರಾಸಿನಡಿ ಕೈ ತೂರಿಸಿದರು.

"ಇಷ್ಟು ವರ್ಷ ಸಂಸಾರ ಮಾಡಿ ನನ್ನ ಮೇಲೂ ಸಂಶಯವಾ?"

"ನಿನ್ನ ಮೇಲಲ್ಲ ಮಾರಾಯ್ತಿ. ನಾನೊಬ್ಬನೇ ಇದ್ರೆ ನನ್ನ ಮೇಲೆ ಕಣ್ಣಿಡುದು ಯಾರು?"

೩. ಪರದೆಯ ದೋಸೆ

ಕೊನೆಗೂ ಮನೆಯ ಕಂಪ್ಯೂಟರೊಂದಕ್ಕೇ ಅನುಮತಿ ಕೊಟ್ಟು ಕನೆಕ್ಷನ್ ಕೂಡಿಸಿದೆ. ಭಾಂಡುಪ್‌ನ ಬಿಲ್ಲುಗಳು ಪರದೆಯ ಮೇಲೆ ಬರತೊಡಗಿದವು. ಮಸಾಲೆ ದೋಸೆ, ಇಡ್ಲಿ ವಡೆ, ಮತ್ತೆ ಮಸಾಲೆ ದೋಸೆ. ಇನ್ನು ಆ ಮೊಣಕಾಲಿಗೆ ವಿಶ್ರಾಂತಿ ಎಂದು ನನಗೆ ನಿಜಕ್ಕೂ ಖುಷಿಯಾಯಿತು.

ಸ್ವಲ್ಪ ದಿನಕ್ಕೆ ಅಕ್ಕನ ಫೋನ್. "ಬೇಗ ಬನ್ನಿ. ಅದನ್ನು ಬಂದ್ ಮಾಡಿ!"

"ಕನೆಕ್ಷನ್ ಹೋಯ್ತಾ ಅಕ್ಕ?"

"ಹೋಗಿದ್ರೆ ಒಳ್ಳೇದಿತ್ತು. ಮೊದಲು ಇವರು ವಾರಕ್ಕೊಮ್ಮೆ ಭಾಂಡುಪ್‌ಗೆ ಹೋಗ್ತಿದ್ರು. ಈಗ ದಿನಾ ಪರದೆ ನೋಡುದು, ಕೂಡಲೇ ಚಪ್ಪಲಿ ಹಾಕಿ ಲೋಕಲ್ ಹಿಡಿಯುದು!"

ನನಗೆ ತಲೆಬುಡ ತಿಳಿಯಲಿಲ್ಲ. ಫೋನನ್ನು ಧಣಿಗೇ ಕೊಡಿಸಿ ಕೇಳಿದೆ, ಎಲ್ಲ ಮನೆಯಲ್ಲೇ ಕಾಣುವಾಗ ಹೋಗುವುದು ಯಾಕೆಂದು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಮಾರಾಯ್ರೆ," ಎಂದರು ಧಣಿ. "ಪರದೆಯಲ್ಲಿ ದೋಸೆ ಕಾಣ್ತದೆ, ಸರಿ. ತಿಂದವ ಕಾಣ್ತಾನಾ?"