ಎಮ್ಮೆ ಉಗುಳಿದ ಗುಳಿಗೆ

ನಾನು ಬಾಯಿ ಬಿಟ್ಟು ಬಡಾಯಿ ಕೊಚ್ಚಿದಾಗಲೆಲ್ಲ ನಗೆಪಾಟಲಾಗೋದು ತಪ್ಪಿದ್ದಿಲ್ಲ. ಹಂಗಂತ ಬಾಯಿ ಮುಚ್ಕಂಡೂ ಇದ್ದಿಲ್ಲ.

೧. ನಶ್ಯದ ಡಬ್ಬಿ

ತೊಂಬತ್ತನೇ ಇಸವಿ ಈಚಿನ ಮಾತು. ಕ್ಯಾತನಹಳ್ಳಿ ಆಲೆಮನೇಲಿ ಬೆಲ್ಲ ಕಾಯಿಸ್ತಿದ್ದೆ. ನನ್ನ ಕಾಲಿನ ಕುರುವಿಗೆ ಯಾವತ್ತೋ ಯಾರೋ ಡಾಕ್ಟ್ರು ಬರೆದ ಚೀಟಿ ಒಂದಿತ್ತು. ಇಸ್ಕೂಲು ಕಾಣದ ನಂಗೆ ಅದರಲ್ಲಿ ಏನಿದೆ ಗೊತ್ತಿರಲಿಲ್ಲ. ಆದರೆ ತೋರಿಸಿದರೆ ಪಾಂಡವಪುರದ ಔಷಧಿ ಅಂಗಡೀಲಿ ಕೆಂಪು-ಕಪ್ಪು ಗುಳಿಗೆ ಕೊಡೋರು. ನಶ್ಯದ ಡಬ್ಬಿಗೆ ತುಂಬ್ಕಂಡು ಊರಿಗೇ ಹಂಚ್ತಿದ್ದೆ. ಕೆಮ್ಮು, ಹಲ್ಲುನೋವು, ಭೇದಿ, ಎಲ್ಲಕ್ಕೂ ಅದೇ. ಹೆದರೋರಿಗೆ ಧೈರ್ಯ ಬರಲಿ ಅಂತ ಮೊದಲು ನಾನೊಂದು ನುಂಗಿ ತೋರಿಸ್ತಿದ್ದೆ.

ನಮ್ಮ ಎಮ್ಮೆ ಮೇವು ಬಿಟ್ಟಾಗಲೂ ಅದರ ಮುಂದೆ ನಿಂತು ಒಂದು ನುಂಗಿ, ಇನ್ನೊಂದು ಅದರ ಬಾಯಿಗೆ ತುರುಕಿದೆ. ಎಮ್ಮೆ ನನ್ನನ್ನೇ ನೋಡ್ತು, ಉಗುಳ್ತು.

"ಮನೇಲಿ ಬುದ್ಧಿ ಇರೋದು ಇದೊಂದಕ್ಕೇಯ" ಅಂದಳು ಹೆಂಡತಿ.

೨. ಕೋಣ ಎತ್ತಿದ ಮೈ

ಒಂದು ಮಾಗೀಲಿ ಚಳಿಜ್ವರ ಬಂದು ಎದೆ ಹಿಡ್ಕಂತು. ಪಾಂಡವಪುರದ ಡಾಕ್ಟ್ರು ನೋಡಿ, "ನ್ಯುಮೋನಿಯಾ ಯಜಮಾನ್ರೇ. ಈ ಮೂರು ತಿಂಗಳಲ್ಲಿ ಏನಾದ್ರೂ ಮಾತ್ರೆ ತಗಂಡಿದ್ರಾ? ಅರೆಬರೆ ನುಂಗಿದ್ರೆ ಕ್ರಿಮಿ ಪಳಗಿರ್ತವೆ, ಸಾದಾ ಔಷಧಿಗೆ ಜಗ್ಗಲ್ಲ. ಮೊದಲೇ ಬೇರೆ ಕೊಡಬೇಕು" ಅಂದರು.

"ಸ್ವಾಮಿ, ಕೋಣನ್ನ ಹೆಗಲ ಮೇಲೆ ಎತ್ತಿದ ಮೈ ಇದು. ಮಾತ್ರೆ ಅನ್ನೋದನ್ನ ಮುಟ್ಟೇ ಇಲ್ಲ" ಅಂದೆ.

ಎತ್ತಿದ್ದು ಕೋಣ ಅಲ್ಲ, ಕರ. ಅದನ್ನೂ ಹಿಂದಿನಿಂದ ಇಬ್ಬರು ಹಿಡ್ಕಂಡಿದ್ದರು.

೩. ನೋಡಕ್ಕೆ ಬಂದೋರು

ಡಾಕ್ಟ್ರು ನಂಬಿ, ಆಸ್ಪತ್ರೇಲಿ ಮಲಗಿಸ್ಕಂಡು ಸಾದಾ ಔಷಧೀನೇ ಕೊಟ್ಟರು. ಮೂರು ದಿನವಾದರೂ ಜ್ವರ ಇಳೀಲಿಲ್ಲ, ಉಸಿರು ಮೇಲೇ ನಿಂತ್ಕಂತು. "ಇಂಗೇ ಆದ್ರೆ ಜೀವ ಉಳಿಯೋದು ಕಷ್ಟ" ಅಂತ ಡಾಕ್ಟ್ರು ತಲೆ ಮೇಲೆ ಕೈ ಹೊತ್ತರು. ನಿಜ ಹೇಳಕ್ಕೆ ನಂಗೆ ನಾಚಿಕೆ. ಸತ್ತರೂ ಸರಿ, ಕೋಣ ಕೆಳಗಿಳೀಬಾರದು.

ಅಷ್ಟರಲ್ಲಿ ಊರೋರು ನೋಡಕ್ಕೆ ಬಂದರು, ಎಮ್ಮೆ ನೋಡ್ಕಂಡು ಊರಲ್ಲೇ ಇದ್ದ ಹೆಂಡತೀನೂ ಬಂದಳು.

"ಪುಣ್ಯಾತ್ಮ ಕಣ್ರೀ, ನನ್ನ ಹಲ್ಲುನೋವಿಗೆ ತಾನೊಂದು ನುಂಗಿ ನಂಗೊಂದು ಕೊಟ್ಟ" ಅಂದ ಒಬ್ಬ, ಡಾಕ್ಟ್ರ ಎದುರಿಗೇ.

"ಮೊನ್ನೆ ನನ್ನ ಭೇದಿಗೂ ಅಂಗೇಯ" ಅಂದ ಇನ್ನೊಬ್ಬ.

ಡಾಕ್ಟ್ರು ನನ್ನ ಕಡೆ ತಿರುಗಿದರು. "ಅಲ್ಲ ಯಜಮಾನ್ರೇ, ಊರಿಗೆಲ್ಲ ಬಂದ ಕಾಯಿಲೆಗೆ ಔಷಧಿ ತಿಂದಿರೋರು ನೀವೊಬ್ಬರೇನಾ?"

ಅವತ್ತೇ ಔಷಧಿ ಬದಲಾಯಿಸಿದರು. ಎರಡು ದಿನಕ್ಕೆ ಜ್ವರ ಬಿಡ್ತು. ನಾನು ಮನೆಗೆ ಹೊರಟಾಗ ಡಾಕ್ಟ್ರು ನನ್ನ ಜೇಬಿನ ನಶ್ಯದ ಡಬ್ಬಿ ಕಿತ್ಕಂಡು, "ಇನ್ಯಾರಿಗೆ ಕೊಟ್ಟಿದ್ದೀರಿ, ಎಲ್ಲ ಹೇಳಿಬಿಡಿ" ಅಂದರು.

ಹೆಂಡತಿ ಹೇಳಿದಳು: "ನಮ್ಮ ಎಮ್ಮೆಗೂ ಕೊಟ್ರು ಸ್ವಾಮಿ. ಅದು ಉಗುಳ್ತು."

"ಅದರ ಚಿಂತೆ ಬಿಡಮ್ಮ" ಅಂದರು ಡಾಕ್ಟ್ರು. "ಅದಕ್ಕೆ ನ್ಯುಮೋನಿಯಾ ಬಂದ್ರೆ ಸಾದಾ ಔಷಧೀಲೇ ವಾಸಿ ಆಗ್ತದೆ."